ನೋವು ಅವಳದು, ಹೆಸರು ಯಾರದು?

ಭಾಗ 1/8

ಹೋದ ವಾರ ಚೀನಾದ ಚ್ಯೂ ಜಿನ್ ಬಗ್ಗೆ ಬರೆದಿದ್ದೆ, ನೆನಪಿದೆಯಲ್ಲ? ಹೆಣ್ಣುಮಕ್ಕಳ ಪಾದ ಕಟ್ಟೋ ಪದ್ಧತಿಯ ವಿರುದ್ಧ ಬರೆದವಳು. 1907ರಲ್ಲಿ ಶಾಂಘೈನಲ್ಲಿ ಹೆಂಗಸರಿಗಾಗಿ ಪತ್ರಿಕೆ ತಂದವಳು. ಅದೇ ವರ್ಷ ಜುಲೈ 15ರಂದು ಸರ್ಕಾರ ಅವಳ ತಲೆ ಕಡಿಸಿತು.

ಅದನ್ನ ಓದಿದ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕ್ಲಾಸಿನ ಗೆಳತಿಯೊಬ್ಬಳು ನನ್ನ ನಿಲ್ಲಿಸಿ ಕೇಳಿದಳು: "ಎಲ್ಲಾ ಬಿಟ್ಟು ಚೀನಾಕ್ಕ ಯಾಕ ಹೋದಿ? ಕನ್ನಡದಾಗ ಯಾರೂ ಸಿಗಲಿಲ್ಲೇನು?"

ಸಿಕ್ಕಿದ್ದರು. ಅವರ ಪುಸ್ತಕ ಎಂಟು ತಿಂಗಳಿಂದ ನನ್ನ ತಲೆಯಲ್ಲಿ ಕೂತಿದೆ. ಆದರೆ ಅವರ ಬಗ್ಗೆ ಬರೆಯೋಕೆ ನನಗೆ ನಾಚಿಕೆ ಇತ್ತು. ದೂರದ ಚೀನಾದವಳ ಬಗ್ಗೆ ಬರೆಯೋದು ಸುಲಭ. ಸತ್ತು ನೂರು ವರ್ಷದ ಮೇಲಾಗಿದೆ. ಭಾಷೆ ಬೇರೆ, ದೇಶ ಬೇರೆ. ಅವಳ ಧೈರ್ಯ ಹೊಗಳಿದರೆ ನಮ್ಮೂರಲ್ಲಿ ಯಾರಿಗೂ ಏನೂ ಅನಿಸಲ್ಲ, ನನಗೂ ಏನೂ ಖರ್ಚಾಗಲ್ಲ.

ನಾನೀಗ ಹೇಳೋ ಹೆಣ್ಣುಮಗಳು ಹಂಗಲ್ಲ. ಅವರು ಕನ್ನಡದಲ್ಲೇ ಬರೆದರು, ತಮ್ಮ ಮನೆ, ತಮ್ಮ ಕೇರಿ, ತಮ್ಮ ಜನರ ಬಗ್ಗೆನೇ ಬರೆದರು. ಅವರು ಬರೆದ ರೀತಿ ನೋಡಿದ ಮೇಲೆ ನನಗೆ ಗೊತ್ತಾಗಿದ್ದು ಒಂದೇ: ನಾನು ಈ ಪೇಜಲ್ಲಿ ಒಮ್ಮೆ ಅದಕ್ಕೆ ಪೂರ್ತಿ ಉಲ್ಟಾ ಮಾಡಿದ್ದೆ. ಬೇರೆಯವಳ ನೋವು ಬರೆದು ನಾನು ಬಚ್ಚಿಟ್ಟುಕೊಂಡಿದ್ದೆ.

ಅವರ ಹೆಸರು ಸಾರಾ ಅಬೂಬಕ್ಕರ್. ಕಾಸರಗೋಡಿನವರು, ಆಮೇಲೆ ಮಂಗಳೂರಿನವರು. 2023ರ ಜನವರಿ 10ರಂದು ತೀರಿಕೊಂಡರು. ಆಗ ಅವರಿಗೆ 86 ವರ್ಷ.

ಇವತ್ತಿನ ಸರಣಿ ಉದ್ದ ಇದೆ. ಎಂಟು ಭಾಗ. ಮೊದಲು ನನ್ನ ತಪ್ಪು ಹೇಳ್ತೀನಿ. ಆಮೇಲೆ ಅವರ ಕಥೆ. ತಪ್ಪು ಬಿಟ್ಟು ಬರೀ ಅವರ ಕಥೆ ಹೇಳಿದರೆ ಅದು ಪರೀಕ್ಷೆಗೆ ಬರೆಯೋ ಕವಿ ಪರಿಚಯ ಆಗುತ್ತೆ ಅಷ್ಟೇ.

ಭಾಗ 2/8

ಹೋದ ವರ್ಷ ಬೇಸಿಗೆಯಲ್ಲಿ ಒಂದು ಪೋಸ್ಟ್ ಹಾಕಿದ್ದೆ. ಹಳಬರಿಗೆ ನೆನಪಿರಬಹುದು. ಆಗ ಪ್ರೊಫೈಲಿನಲ್ಲಿ ಒಂದು ಮಲ್ಲಿಗೆ ಮೊಗ್ಗಿನ ಫೋಟೋ, ಒಂದು ಸುಳ್ಳು ಹೆಸರು. ನಾನು ಯಾರು ಅಂತ ನಾಲ್ಕೈದು ಜನ ಗೆಳತಿಯರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಪೋಸ್ಟ್ ನಮ್ಮ ದೊಡ್ಡವ್ವನ ಮಗಳ ಬಗ್ಗೆ. ನನಗೆ ಅಕ್ಕ ಆಗಬೇಕು. ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲೇ ಅವಳ ಮದುವೆ ಮಾಡಿದರು. ಹದಿನಾರು ವರ್ಷ. ಮನೆಯಲ್ಲಿ ಹದಿನೆಂಟು ಅಂತ ಹೇಳಿಕೊಂಡರು. ನಾನು ಅದನ್ನೆಲ್ಲ ಬರೆದೆ. ಊರು ಹೊಳೆಯಿಂದ ಎಷ್ಟು ದೂರ, ಗಂಡ ಏನು ಕೆಲಸ ಮಾಡ್ತಾನೆ, ಕೂಸು ಯಾವಾಗ ಹುಟ್ಟಿತು, ಎಲ್ಲಾ. ಹೆಸರು ಮಾತ್ರ ಬರೆಯಲಿಲ್ಲ. ಹೆಸರಿಲ್ಲ ಅಂದಮೇಲೆ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡೆ.

ನಮ್ಮ ಹಡಗಲಿ ತಾಲೂಕು ಎಷ್ಟು ದೊಡ್ಡದು ಹೇಳಿ? ಬೆಳಿಗ್ಗೆ ಹಾಕಿದ ಪೋಸ್ಟು ಸಂಜೆ ಹೊತ್ತಿಗೆ ಅವಳ ಗಂಡನ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿತ್ತು.

ನನಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ಅಕ್ಕ ಹೊರಗಿನಿಂದ ಪಿಯುಸಿ ಪರೀಕ್ಷೆ ಕಟ್ಟಬೇಕು ಅಂತ ಓದ್ತಾ ಇದ್ದಳು. ಅತ್ತೆ ಅರ್ಧ ಮನಸ್ಸಿನಲ್ಲಿ ಒಪ್ಪಿದ್ದಳು. ಗಂಡನನ್ನ ಒಪ್ಪಿಸೋದು ಬಾಕಿ ಇತ್ತು. ನನ್ನ ಪೋಸ್ಟ್ ಹೋದ ರಾತ್ರಿಯೇ ಅವಳ ಫೋನ್ ಕಿತ್ತುಕೊಂಡರು. ಪರೀಕ್ಷೆ ಮಾತು ಅಲ್ಲಿಗೆ ನಿಂತಿತು.

ಐದನೇ ದಿನ ಪಕ್ಕದ ಮನೆಯವರ ಫೋನಿಂದ ಮಾತಾಡಿದಳು. ಬೈಯಲಿಲ್ಲ.

"ಯಾಕ ಬರದಿ ಅಂತ ಕೇಳಲ್ಲ. ಬರದಿದ್ದೆಲ್ಲ ಖರೇನ ಐತಿ. ಆದ್ರ ನನ್ನ ಒಂದು ಮಾತು ಕೇಳಿದ್ಯೇನು? ನಿನ್ನ ಹೆಸರು ಎಲ್ಲೂ ಇಲ್ಲ. ನಾನು ಮಾತ್ರ ಊರಿಗೆಲ್ಲ ಗೊತ್ತಾದೆ."

ಫೋನ್ ಇಟ್ಟಳು. ಅವತ್ತೇ ಪೋಸ್ಟ್ ತೆಗೆದೆ. ಅಷ್ಟೊತ್ತಿಗೆ 412 ಲೈಕ್ ಬಂದಿದ್ದವು. ಹೌದು, ಎಣಿಸಿದ್ದೆ. ಅದೂ ನಾಚಿಕೆಯ ವಿಷಯವೇ.

ಭಾಗ 3/8

ಎರಡು ತಿಂಗಳು ಪೇಜ್ ಮುಟ್ಟಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ ಕ್ಲಾಸ್ ಇರಲಿಲ್ಲ, ಲೈಬ್ರರಿಗೆ ಹೋದೆ. ತೆಳ್ಳಗಿದೆ ಅನ್ನೋ ಒಂದೇ ಕಾರಣಕ್ಕೆ ಒಂದು ಪುಸ್ತಕ ತೆಗೆದೆ. 'ಚಂದ್ರಗಿರಿಯ ತೀರದಲ್ಲಿ'. ಮುಖಪುಟದಲ್ಲಿ ಬರೆದವರ ಹೆಸರು. ಪೂರ್ತಿ ಹೆಸರು. ಆ ಹೆಸರು ನೋಡ್ತಾ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ.

ಸಾರಾ ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ, ಚಂದ್ರಗಿರಿ ಹೊಳೆಯ ಆಸುಪಾಸಿನಲ್ಲಿ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1956ರಲ್ಲಿ ರಾಜ್ಯಗಳನ್ನ ಹೊಸದಾಗಿ ಹಂಚಿದಾಗ ಅದು ಕೇರಳಕ್ಕೆ ಹೋಯಿತು. ಸಾರಾ ಅವರ ಮನೆಮಾತು ಮಲಯಾಳಂ, ಓದಿದ್ದು ಕನ್ನಡ ಶಾಲೆಯಲ್ಲಿ. ಅಪ್ಪ ವಕೀಲರು. ಆ ಸೀಮೆಯ ಮುಸ್ಲಿಂ ಮನೆಗಳಲ್ಲಿ ಹೆಣ್ಣುಮಕ್ಕಳು ಹೈಸ್ಕೂಲ್ ಮೆಟ್ಟಿಲು ಹತ್ತೋದೇ ಇಲ್ಲ ಅನ್ನೋ ಕಾಲ. ಸಾರಾ ಹತ್ತಿದರು. ಹಂಗೆ ಓದಿ ಮುಗಿಸಿದ ಮೊದಲ ಕೆಲವೇ ಹುಡುಗಿಯರಲ್ಲಿ ಅವರೂ ಒಬ್ಬರು.

ಮುಂದೆ ಓದೋ ಆಸೆ ಇತ್ತು. ಆಗಲಿಲ್ಲ. ಮದುವೆ ಆಯಿತು. ಗಂಡ ಸರ್ಕಾರಿ ಇಂಜಿನಿಯರ್. ನಾಲ್ಕು ಗಂಡುಮಕ್ಕಳು.

ಇಲ್ಲಿವರೆಗೆ ನಮ್ಮವ್ವಂದಿರ ಕಥೆ ತರಾನೇ ಇದೆ ಅಲ್ವಾ? ಓದಬೇಕು ಅಂತ ಇತ್ತು, ಮದುವೆ ಆಯಿತು, ಮಕ್ಕಳಾದವು, ಮುಗೀತು.

ಒಂದು ಇಸವಿ ನೋಡಿ. 1963. ಆ ವರ್ಷ ಸಾರಾ ಒಂದು ಲೈಬ್ರರಿಗೆ ಸದಸ್ಯರಾದರು. ಅವರಿಗೆ ಆಗ 27. ಅಲ್ಲಿವರೆಗೆ ಅದೂ ಆಗಿರಲಿಲ್ಲ. ನಾನು ಐಡಿ ಕಾರ್ಡ್ ತೋರಿಸಿ ಎರಡು ನಿಮಿಷದಲ್ಲಿ ತಂದ ಪುಸ್ತಕದ ಹಿಂದೆ, ಒಂದು ಲೈಬ್ರರಿ ಕಾರ್ಡಿಗೆ 27 ವರ್ಷ ಕಾದ ಹೆಂಗಸು ಇದ್ದರು.

ಆ ಕಾರ್ಡ್ ಸಿಕ್ಕಮೇಲೂ ಅವರು ತಕ್ಷಣ ಬರೆಯಲಿಲ್ಲ. ಓದಿದರು. ಮಕ್ಕಳನ್ನ ಬೆಳೆಸಿದರು. ಇನ್ನೂ 18 ವರ್ಷ ಹೋಯಿತು.

ಭಾಗ 4/8

1981. ಪಿ. ಲಂಕೇಶರು 'ಲಂಕೇಶ್ ಪತ್ರಿಕೆ' ಶುರು ಮಾಡಿ ಒಂದು ವರ್ಷ ಆಗಿತ್ತು. ಸಾರಾ ಅವರ ಲೇಖನ ಮೊದಲ ಸಲ ಅಚ್ಚಾಗಿದ್ದು ಆ ಪತ್ರಿಕೆಯಲ್ಲಿ. ವಿಷಯ: ಹಿಂದೂ ಮುಸ್ಲಿಂ ಸೌಹಾರ್ದ. ಅವರಿಗೆ ಆಗ 45 ವರ್ಷ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಅವರ ಮೊದಲ ಕಾದಂಬರಿ ವಾರವಾರ ಬರೋಕೆ ಶುರುವಾಯಿತು. ಅದೇ 'ಚಂದ್ರಗಿರಿಯ ತೀರದಲ್ಲಿ'.

ಸುಮ್ಮನೆ ಯೋಚನೆ ಮಾಡಿ. ವಾರಪತ್ರಿಕೆ ಅಂದರೆ ಕಟಿಂಗ್ ಶಾಪಿನಲ್ಲಿ, ಚಹಾ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಕೈಗೂ ಸಿಗೋದು. ಅದರಲ್ಲಿ ಒಬ್ಬ ಮುಸ್ಲಿಂ ಹೆಣ್ಣುಮಗಳು ತನ್ನ ಸಮಾಜದ ಒಳಗಿನ ತಲಾಖ್ ಬಗ್ಗೆ, ಅಪ್ಪ ಅನ್ನೋ ಅಧಿಕಾರದ ಬಗ್ಗೆ ಕಥೆ ಬರೀತಿದ್ದಾರೆ. ಗುಪ್ತನಾಮ ಇಲ್ಲ. ಗಂಡಸಿನ ಹೆಸರು ಇಟ್ಟುಕೊಳ್ಳಲಿಲ್ಲ. ಎರಡಕ್ಷರದ ಇನಿಷಿಯಲ್ ಹಿಂದೆ ಕೂರಲಿಲ್ಲ. ಸಾರಾ ಅಬೂಬಕ್ಕರ್ ಅಂತ ಪೂರ್ತಿ ಹೆಸರು.

ಆ ಹೆಸರಿನಲ್ಲಿ ಗಂಡನ ಹೆಸರೂ ಇದೆ ನೋಡಿ. ಅಂದರೆ ಬೈಯೋರು ಇಬ್ಬರನ್ನೂ ಬೈಬಹುದಿತ್ತು. ಮನೆ ಯಾವುದು, ಮಕ್ಕಳು ಯಾರು ಅಂತ ಹುಡುಕೋದು ಕಷ್ಟ ಇರಲಿಲ್ಲ.

ಕಥೆಯೊಳಗಿನ ಹೆಣ್ಣುಮಗಳಿಗೆ ಮಾತ್ರ ಅವರು ಹೊಸ ಹೆಸರು ಕೊಟ್ಟರು. ನಾದಿರಾ.

ಕಂಡ, ಕೇಳಿದ ಎಷ್ಟೋ ಹೆಂಗಸರ ಬದುಕು ನಾದಿರಾಳಲ್ಲಿ ಸೇರಿಕೊಂಡಿದೆ. ಆದರೆ 'ಇವಳು ಇಂಥ ಮನೆಯವಳು' ಅಂತ ಬೆರಳು ಮಾಡಿ ತೋರಿಸೋಕೆ ಒಬ್ಬಳೂ ಸಿಗಲ್ಲ. ಬೆರಳು ತೋರಿಸಬೇಕು ಅಂದರೆ ಒಬ್ಬರೇ ಸಿಗೋದು, ಬರೆದವರು.

ನನಗೆ ಅಕ್ಕನ ಫೋನ್ ನೆನಪಾಗಿದ್ದು ಇಲ್ಲೇ. ನಾನು ನನ್ನ ಹೆಸರು ಬಚ್ಚಿಟ್ಟು ಅವಳ ಗುರುತು ಬಿಚ್ಚಿಟ್ಟಿದ್ದೆ. ಸಾರಾ ಅವರ ಗುರುತು ಮುಚ್ಚಿ ತಮ್ಮ ಹೆಸರು ಮುಂದಿಟ್ಟರು. ನಾವಿಬ್ಬರೂ ಹೇಳಿದ್ದು ಖರೇನೇ. ನನ್ನ ಪೋಸ್ಟಿನ ಬೆಲೆ ಅಕ್ಕ ಕಟ್ಟಿದಳು. ಅವರ ಪುಸ್ತಕದ ಬೆಲೆ ಅವರೇ ಕಟ್ಟಿದರು.

ಭಾಗ 5/8

ಕಾದಂಬರಿ ಓದದೇ ಇದ್ದವರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ಕೊನೆ ಗೊತ್ತಾಗಬಾರದು ಅನ್ನೋರು ಈ ಭಾಗ ಬಿಟ್ಟು ಮುಂದೆ ಹೋಗಿ.

ನಾದಿರಾ ಬಡ ಮನೆಯ ಹುಡುಗಿ. ಗಂಡ ರಶೀದ್ ಒಳ್ಳೆಯವನು. ಇಬ್ಬರೂ ಚೆನ್ನಾಗೇ ಇದ್ದಾರೆ, ಒಂದು ಕೂಸೂ ಇದೆ. ಕೆಡಿಸೋದು ಅಪ್ಪ. ಅಳಿಯನ ಜೊತೆ ದುಡ್ಡಿನ ವಿಷಯಕ್ಕೆ ಮುನಿಸಿಕೊಂಡು ಮಗಳನ್ನ ತವರಲ್ಲೇ ಇಟ್ಟುಕೊಳ್ತಾನೆ, ಹಟಕ್ಕೆ ಬಿದ್ದು ತಲಾಖ್ ಕೊಡಿಸ್ತಾನೆ. ಮಗಳಿಗೆ ಬೇಕಾ ಬೇಡವಾ ಅಂತ ಯಾರೂ ಕೇಳಲ್ಲ. ಆಮೇಲೆ ಗಂಡ ಹೆಂಡತಿ ಮತ್ತೆ ಒಂದಾಗಬೇಕು ಅಂದರೆ, ಅವಳು ಮೊದಲು ಇನ್ನೊಬ್ಬನನ್ನ ಮದುವೆಯಾಗಿ, ಒಂದು ರಾತ್ರಿ ಅವನ ಜೊತೆ ಇದ್ದು, ಅವನಿಂದ ತಲಾಖ್ ತಗೊಂಡು ಬರಬೇಕು ಅಂತ ಹಿರಿಯರು ನಿಯಮ ಹೇಳ್ತಾರೆ. ನಾದಿರಾಳಿಗೆ ಅದು ಆಗಲ್ಲ. ಮಸೀದಿಯ ಕೆರೆಗೆ ಹೋಗ್ತಾಳೆ. ವಾಪಸ್ ಬರಲ್ಲ.

ನನ್ನನ್ನ ಕಾಡಿದ್ದು ಕೆರೆಗಿಂತ ಹೆಚ್ಚಾಗಿ ಅಪ್ಪ. ಅವನು ರಾಕ್ಷಸ ಅಲ್ಲ. ಮಗಳು ತನ್ನ ಸ್ವತ್ತು ಅಂತ ನಂಬಿದ ಸಾಮಾನ್ಯ ಮನುಷ್ಯ. ಅಂಥವರನ್ನ ನೀವು ನೋಡಿಲ್ಲವಾ? ನಾನು ನೋಡಿದೀನಿ. ಮದುವೆ ಮಾತುಕತೆಗೆ ಕೂತಾಗ, ಚಾಪೆ ಮೇಲೆ, ಎಲೆಅಡಿಕೆ ತಟ್ಟೆ ಮುಂದೆ ಇಟ್ಟುಕೊಂಡು, ತುಂಬಾ ಪ್ರೀತಿಯಿಂದಲೇ ಮಾತಾಡ್ತಾರೆ.

ಈ ಕಥೆ ಬಂದಿದ್ದು 1981ರಲ್ಲಿ. ಒಂದೇ ಉಸಿರಿಗೆ ಮೂರು ಸಲ ತಲಾಖ್ ಅನ್ನೋದು ಅಸಾಂವಿಧಾನಿಕ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 22ರಂದು, ಶಾಯರಾ ಬಾನೋ ಪ್ರಕರಣದಲ್ಲಿ. ನಡುವೆ 36 ವರ್ಷ. ಶಾಯರಾ ಬಾನೋ ಕೂಡ ತಮ್ಮದೇ ಹೆಸರಲ್ಲಿ ಕೋರ್ಟಿಗೆ ಹೋದ ಹೆಂಗಸು. ಕಾದಂಬರಿಯಿಂದ ಕಾನೂನು ಬಂತು ಅಂತ ನಾನು ಹೇಳ್ತಿಲ್ಲ. ಆದರೆ ಕೋರ್ಟು ಕೇಳೋಕೆ ಎಷ್ಟೋ ವರ್ಷ ಮೊದಲೇ ಒಬ್ಬ ಗೃಹಿಣಿ ಕನ್ನಡದಲ್ಲಿ ಇದನ್ನ ಕೇಳಿಬಿಟ್ಟಿದ್ದರು.

ಭಾಗ 6/8

ಈಗ ಒಂದು ಮಾತು. ನಿಮ್ಮಲ್ಲಿ ಕೆಲವರು ಹೋದ ಭಾಗ ಓದಿ "ಅವರಲ್ಲಿ ಹಿಂಗೇನಾ" ಅಂತ ಅಂದುಕೊಂಡಿರಬಹುದು. ನಾನೂ ಅರ್ಧ ಪುಸ್ತಕದವರೆಗೆ ಹಂಗೇ ಓದಿದ್ದೆ. ಓದೋದು ಆರಾಮಾಗಿತ್ತು. ತಪ್ಪೆಲ್ಲ ಬೇರೆಯವರ ಮನೆಯದು.

ಹಂಗೆ ಓದಿದರೆ ಸಾರಾ ಅವರಿಗೆ ಅನ್ಯಾಯ ಮಾಡ್ತೀವಿ. ಅವರು ತಮ್ಮವರ ತಪ್ಪು ಹೇಳಿದ್ದು ತಮ್ಮವರು ಅನ್ನೋ ಕಾರಣಕ್ಕೆ. ಹೊರಗಿನವರು ಅದನ್ನ ಹಿಡಿದು ಹೊಡೆಯಲಿ ಅಂತಲ್ಲ. ಹಿಂದೂ ಕೋಮುವಾದದ ಬಗ್ಗೆಯೂ ಅವರು ಅಷ್ಟೇ ನೇರವಾಗಿ ಬರೆದರು. ಹಂಗಾಗಿ ಎರಡೂ ಕಡೆಯವರಿಗೆ ಅವರು ಬೇಡವಾದರು.

1985ರಲ್ಲಿ ಪುತ್ತೂರಿನ ಒಂದು ಸಾಹಿತ್ಯ ಸಮಾರಂಭದಲ್ಲಿ ಅವರು ಮಾತಾಡಬಾರದು ಅಂತ ಯುವಕರ ಗುಂಪೊಂದು ಅಡ್ಡಿ ಮಾಡಿತು. ಅಮ್ಮನ ವಯಸ್ಸಿನ ಹೆಂಗಸಿನ ಮೇಲೆ ಮಕ್ಕಳ ವಯಸ್ಸಿನ ಹುಡುಗರು ಕೂಗಾಡಿದರು. ಅದೇ ವರ್ಷ ಅವರ ಮುಂದಿನ ಕಾದಂಬರಿ 'ಸಹನ' ಬಂತು. ಆಮೇಲೆ 'ವಜ್ರಗಳು', 'ಕದನ ವಿರಾಮ', 'ಸುಳಿಯಲ್ಲಿ ಸಿಕ್ಕವರು', 'ತಳ ಒಡೆದ ದೋಣಿಯಲ್ಲಿ'. ಕಥಾ ಸಂಕಲನಗಳು ಬೇರೆ. ಸಭೆಯಲ್ಲಿ ಮಾತು ನಿಲ್ಲಿಸೋಕೆ ನೋಡಿದವರಿಗೆ ಬರವಣಿಗೆ ನಿಲ್ಲಿಸೋಕೆ ಆಗಲಿಲ್ಲ.

ಈಗ ನಮ್ಮ ಕಡೆ ತಿರುಗಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಸೀಮೆಯಲ್ಲಿ ಹೆಣ್ಣುಮಕ್ಕಳನ್ನ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿ ಬಿಟ್ಟಿದ್ದು ಯಾರು? ನಮ್ಮವರೇ. ಅದನ್ನ ತಡೆಯೋಕೆ ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಬೇಕಾಯಿತು. ಅಕ್ಕನಿಗೆ ಹದಿನಾರಕ್ಕೆ ತಾಳಿ ಕಟ್ಟಿಸಿದ್ದು ಯಾರು? ನಮ್ಮನೆಯವರೇ. ಅಲ್ಲಿಯೂ ದೊಡ್ಡವರು ಕೂತು ಮಾತಾಡಿದರು, ಅಲ್ಲಿಯೂ ಅವಳನ್ನ ಯಾರೂ ಕೇಳಲಿಲ್ಲ. ಕಾಸರಗೋಡಿನ ಹೊಳೆ ಬೇರೆ, ನಮ್ಮ ತುಂಗಭದ್ರೆ ಬೇರೆ. ಚಾಪೆ ಮೇಲೆ ಕೂತವರ ಮಾತು ಮಾತ್ರ ಒಂದೇ.

ಭಾಗ 7/8

ಸಾರಾ ಬರೀ ಬರೆದು ಸುಮ್ಮನಾಗಲಿಲ್ಲ. ಕರಾವಳಿಯ ಲೇಖಕಿಯರು ಮತ್ತು ವಾಚಕಿಯರ ಸಂಘದ ಅಧ್ಯಕ್ಷರಾಗಿದ್ದರು. ಆ ಹೆಸರು ನನಗೆ ತುಂಬಾ ಇಷ್ಟ. ಬರೆಯೋರಷ್ಟೇ ಅಲ್ಲ, ಓದೋ ಹೆಣ್ಣುಮಕ್ಕಳಿಗೂ ಒಂದು ಕುರ್ಚಿ. 1994ರಲ್ಲಿ ತಮ್ಮದೇ 'ಚಂದ್ರಗಿರಿ ಪ್ರಕಾಶನ' ಮಾಡಿಕೊಂಡರು. ಮಲಯಾಳಂನಿಂದ ಕಮಲಾ ದಾಸ್, ಬಿ.ಎಂ. ಸುಹರಾ ಅವರ ಬರಹಗಳನ್ನ ಕನ್ನಡಕ್ಕೆ ತಂದರು. 'ಚಂದ್ರಗಿರಿಯ ತೀರದಲ್ಲಿ'ಯನ್ನ ವನಮಾಲಾ ವಿಶ್ವನಾಥ ಇಂಗ್ಲಿಷಿಗೆ ಮಾಡಿದರು. ನಮ್ಮ ಪಕ್ಕದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿದೆ. ಕಾಲೇಜಿಗೆ ಹೋಗೋಕೆ ಆಗದೇ ಇದ್ದ ಹುಡುಗಿಗೆ, ನಮ್ಮ ಜಿಲ್ಲೆಯಲ್ಲೇ!

ಇನ್ನೊಂದು ಘಟನೆ ಹೇಳಲೇಬೇಕು. 2011ರಲ್ಲಿ 'ಬ್ಯಾರಿ' ಅಂತ ಸಿನಿಮಾ ಬಂತು. ಬ್ಯಾರಿ ಭಾಷೆಯ ಮೊದಲ ಸಿನಿಮಾ. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲವೂ ಬಂತು, ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡು. ಇದು ನನ್ನ ಕಾದಂಬರಿ, ನನ್ನ ಒಪ್ಪಿಗೆ ಇಲ್ಲದೆ ತಗೊಂಡಿದ್ದಾರೆ ಅಂತ ಸಾರಾ ಕೋರ್ಟಿಗೆ ಹೋದರು. ಆಗ ಅವರಿಗೆ ಎಪ್ಪತ್ತೈದರ ವಯಸ್ಸು. 2018ರಲ್ಲಿ ಮಂಗಳೂರಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು.

ಇಷ್ಟು ವಯಸ್ಸಾದ ಮೇಲೆ ಯಾಕೆ ಬೇಕಿತ್ತು ಅಂತ ಕೇಳಬಹುದು. ನನಗೆ ಅನಿಸೋದು ಇಷ್ಟು. ಬೈಗುಳ ಬರುವಾಗ ಆ ಕಥೆಯ ಮೇಲೆ ಇದ್ದ ಹೆಸರು, ಪ್ರಶಸ್ತಿ ಬರುವಾಗ ಯಾಕೆ ಇರಬಾರದು?

ಅದೇ ಲಂಕೇಶ್ ಪತ್ರಿಕೆಯಲ್ಲಿ ಬರೆಯುತ್ತಿದ್ದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ, ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಆ ದಾರಿಯಲ್ಲಿ ಮೊದಲು ಕಲ್ಲು ಸರಿಸಿದವರಲ್ಲಿ ಸಾರಾ ಒಬ್ಬರು. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಹೊತ್ತು ಕಂತುವ ಮುನ್ನ'. ಹೊತ್ತು ಮುಳುಗೋ ಮೊದಲೇ ಅವರು ಹೇಳಬೇಕಾದ್ದು ಹೇಳಿ ಹೋದರು.

ಭಾಗ 8/8

ಈ ಸಲ ಅಕ್ಕ ಹಬ್ಬಕ್ಕೆ ತವರಿಗೆ ಬಂದಿದ್ದಳು. ದೊಡ್ಡವ್ವನ ಮನೆ ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದಳು. ಮೊಗ್ಗು ಅರಳೋಕೆ ಮೊದಲು ಕಟ್ಟಿ ಮುಗಿಸಬೇಕು, ಹಂಗಾಗಿ ಕೈ ನಿಲ್ಲಿಸಲಿಲ್ಲ. ನಾನೂ ದಾರ ಹಿಡಿದು ಕೂತೆ.

"ತಪ್ಪಾತು ಅಕ್ಕಾ" ಅಂದೆ.

"ತಪ್ಪಾತು ಅಂದ್ರ ಹೋದ ವರ್ಷ ವಾಪಸ್ ಬರ್ತತೇನು?"

ನನ್ನ ಹತ್ರ ಉತ್ತರ ಇರಲಿಲ್ಲ. ಅರ್ಧ ಮಾರು ಹೂ ಆಗೋವರೆಗೆ ಇಬ್ಬರೂ ಸುಮ್ಮನಿದ್ವಿ. ಆಮೇಲೆ ಸಾರಾ ಅವರ ಕಥೆ ಹೇಳಿದೆ. ಲೈಬ್ರರಿ ಕಾರ್ಡಿನ ವಿಷಯ ಬಂದಾಗ ತಲೆ ಎತ್ತಿದಳು. ನಾದಿರಾಳ ಕೊನೆ ಹೇಳಿದಾಗ ಸಿಟ್ಟು ಮಾಡಿದಳು. "ಆಕಿ ಯಾಕ ಸಾಯಬೇಕು? ಬರೆದಾಕಿ ಕೈಯಾಗ ಪೆನ್ನು ಇತ್ತಲ್ಲ, ಬದುಕಿಸಬೇಕಿತ್ತು." ಪುಸ್ತಕ ಓದಿದ ಯಾರ ಬಾಯಲ್ಲೂ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಇನ್ನೂ ಯೋಚನೆ ಮಾಡ್ತಾ ಇದೀನಿ.

ಹೊರಡುವಾಗ ಅಂದಳು: "ಬರೀಬ್ಯಾಡ ಅಂತ ನಾನು ಹೇಳಿಲ್ಲ. ಮೊದಲು ನನಗ ಓದಿ ಹೇಳು."

ಓದಿ ಹೇಳಿದೆ. ಈ ಎಂಟೂ ಭಾಗ. ಎರಡು ಕಡೆ ತೆಗೆಸಿದಳು, ಕೆಲವು ವಿವರ ಬದಲಾಯಿಸಿದಳು. ಒಂದು ಕಡೆ ಸೇರಿಸು ಅಂದಳು. ಅದು ಇದು: ಅವಳ ಮದುವೆಯಲ್ಲಿ ನಾನು ಹೊಸ ಲಂಗ ಹಾಕಿಕೊಂಡು, ಕೈತುಂಬ ಬಳೆ ತೊಟ್ಟು, ಬಂದವರಿಗೆಲ್ಲ ಪಾನಕ ಕೊಡ್ತಾ ಓಡಾಡಿದ್ದೆ. ಒಂಬತ್ತನೇ ಕ್ಲಾಸ್. ಬಾಲ್ಯವಿವಾಹ ಅಪರಾಧ ಅಂತ ಪಾಠದಲ್ಲಿ ಓದಿದ್ದೆ. 1098ಕ್ಕೆ ಫೋನ್ ಮಾಡಬಹುದು ಅಂತ ಶಾಲೆ ಗೋಡೆ ಮೇಲೆ ಬರೆದಿದ್ದು ದಿನಾ ನೋಡ್ತಿದ್ದೆ. ಮಾಡಲಿಲ್ಲ. ಹೋದ ವರ್ಷದ ಪೋಸ್ಟಿನಲ್ಲಿ ಎಲ್ಲರ ತಪ್ಪೂ ಇತ್ತು, ಇದೊಂದು ಇರಲಿಲ್ಲ.

ಅಕ್ಕನ ಪರೀಕ್ಷೆ ಇನ್ನೂ ಆಗಿಲ್ಲ. ಆಗುತ್ತೆ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಪುಸ್ತಕ ಮಾತ್ರ ಚೀಲದಲ್ಲಿ ಹಾಕಿಕೊಂಡು ಹೋದಳು. ಲೈಬ್ರರಿಗೆ ದಂಡ ನಾನು ಕಟ್ತೀನಿ.

ನೀವೂ ಬರೆಯೋರಾದರೆ ಒಂದೇ ಮಾತು. ಖರೇ ಹೇಳಿ, ಆದರೆ ಯಾರ ನೋವೋ ಅವರನ್ನ ಮೊದಲು ಕೇಳಿ. ಅವರ ಗುರುತು ಮುಚ್ಚಿ, ನಿಮ್ಮದು ಮುಚ್ಚಬೇಡಿ. ನಿಮ್ಮ ಹೆಸರು ಹಾಕಿದರೆ ನಿಮಗೇ ಅಪಾಯ ಅನ್ನೋ ಪರಿಸ್ಥಿತಿ ಇದ್ದರೆ, ಕಾಯಿರಿ. ಸಾರಾ 45ರವರೆಗೆ ಕಾದರು.

ಪೇಜಿನ ಮೇಲ್ಗಡೆ ನೋಡಿ. ಮಲ್ಲಿಗೆ ಮೊಗ್ಗಿನ ಫೋಟೋ ತೆಗೆದಿದೀನಿ. ಅಲ್ಲಿ ಇರೋದು ನನ್ನ ಮುಖ, ನನ್ನ ಹೆಸರು. ಅಪ್ಪನಿಗೆ ನಿನ್ನೆ ರಾತ್ರಿ ತೋರಿಸಿದೆ. ಇನ್ನೂ ಮಾತಾಡಿಲ್ಲ.

#ಸಾರಾಅಬೂಬಕ್ಕರ್ #ಚಂದ್ರಗಿರಿಯತೀರದಲ್ಲಿ #ಹೂವಿನಹಡಗಲಿ #ಓದುಬರಹ